ನೂರ ಎಂಬತ್ತು, ಕೆಳಗೆ ನೂರಾ ಹತ್ತು

ಕೃಷ್ಣಪ್ರಸಾದರ ಆ ದಿನದ ಅವಾಂತರಕ್ಕೆಲ್ಲ ಮೂಲ ಒಂದು ರಕ್ತದೊತ್ತಡ. ಅದು ಅವರದಲ್ಲ, ಅವರ ಹೆಂಡತಿ ಸುಚೇತಾಳದೂ ಅಲ್ಲ. ಭಾನುವಾರ ಬೆಳಿಗ್ಗೆ ನಂಜನಗೂಡಿನ ಚಿತ್ರಮಂದಿರದ ಪರದೆಯ ಮೇಲೆ ಹಾಸಿಗೆ ಹಿಡಿದು ಮಲಗಿದ್ದ ಲಕ್ಷ್ಮಿ ಎಂಬ ಪಾತ್ರದ್ದು. ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿದರು, ಗಾಳಿ ಒತ್ತಿದರು, ಕಣ್ಣು ಮುಚ್ಚಿದರು, ಎದೆ ತುಂಬ ಉಸಿರೆಳೆದುಕೊಂಡು ತಾರಸ್ಥಾಯಿಯಲ್ಲಿ ಹಾಡಿದರು:

"ನೂರ ಎಂಬತ್ತು... ಕೆಳಗೆ ನೂರಾ ಹತ್ತು..."

ಹಿಂದೆ ಸಾಲಾಗಿ ನಿಂತಿದ್ದ ನರ್ಸುಗಳು ಕೈಯಲ್ಲಿದ್ದ ಸಲೈನ್ ಬಾಟಲಿಗಳನ್ನು ಒಟ್ಟಿಗೆ ಎಡಕ್ಕೆ ವಾಲಿಸಿ, "ನೂರಾ ಹತ್ತು... ಅಯ್ಯೋ ನೂರಾ ಹತ್ತು..." ಎಂದು ದನಿಗೂಡಿಸಿದರು.

ಕೃಷ್ಣಪ್ರಸಾದರಿಗೆ ನಗು ಬಂತು.

ಬರಬಾರದಾಗಿತ್ತು. ಯಾಕೆಂದರೆ 'ಎರಡು ನದಿ ಒಂದೇ ಉಸಿರು' ಎಂಬ ಆ ಚಿತ್ರದ ಕತೆ, ಸಾಹಿತ್ಯ, ನಿರ್ದೇಶನ, ನಿರ್ಮಾಣ ಎಲ್ಲವೂ ಮಲ್ಲಿಕಾರ್ಜುನ್ ಅವರದು. ಮಲ್ಲಿಕಾರ್ಜುನ್ ಎಂದರೆ ಕೃಷ್ಣಪ್ರಸಾದರು ಫಿಸಿಕ್ಸ್ ಪಾಠ ಹೇಳುವ ಖಾಸಗಿ ಪಿಯು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ. ಆ ಕಾಲೇಜಿನ ವೈಸ್ ಪ್ರಿನ್ಸಿಪಾಲರು ಹೋದ ತಿಂಗಳು ನಿವೃತ್ತರಾಗಿದ್ದರು. ಅವರ ಕುರ್ಚಿಯಲ್ಲಿ ಇನ್ನೂ ಯಾರೂ ಕೂತಿರಲಿಲ್ಲ. ಕೂರಬಲ್ಲವರು ಇಬ್ಬರು: ಒಬ್ಬರು ಕೃಷ್ಣಪ್ರಸಾದ್, ಇನ್ನೊಬ್ಬರು ಕನ್ನಡ ವಿಭಾಗದ ಪ್ರೇಮ್‌ಕುಮಾರ್. ಯಾರನ್ನು ಕೂರಿಸಬೇಕೆಂಬುದು ಮಲ್ಲಿಕಾರ್ಜುನರ ನಾಲಗೆಯ ತುದಿಯಲ್ಲಿತ್ತು. ಆ ನಾಲಗೆ ಈಗ ಎರಡು ವರ್ಷದಿಂದ ಸಿನಿಮಾ ಬಿಟ್ಟು ಬೇರೆ ಏನನ್ನೂ ಮಾತಾಡುತ್ತಿರಲಿಲ್ಲ.

ಚಿತ್ರದ ವಿಶೇಷವೆಂದರೆ ಅದರಲ್ಲಿ ಒಂದೇ ಒಂದು ಮಾತಿಲ್ಲ. ಮೊದಲಿಂದ ಕೊನೆಯವರೆಗೆ ಹಾಡು. ತಲಕಾಡಿನ ಕಡೆ ಬಸ್ಸು ಓಡಿಸುವ ಮಾದೇವ ಎಂಬ ಡ್ರೈವರು, ಅವನ ಹೆಂಡತಿ ಲಕ್ಷ್ಮಿ, ಇಬ್ಬರ ಸಂಸಾರ, ಕೊನೆಗೆ ಅವಳ ಸಾವು, ಇಷ್ಟೇ ಕತೆ. ಆದರೆ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಆಲಾಪನೆ ತೆಗೆಯುತ್ತಾನೆ. ಕಂಡಕ್ಟರು ಚಿಲ್ಲರೆ ಕೇಳುವುದಕ್ಕೆ ಪಲ್ಲವಿ, ಪ್ರಯಾಣಿಕರು ಇಲ್ಲ ಎನ್ನುವುದಕ್ಕೆ ಚರಣ. ಪಂಕ್ಚರ್ ಹಾಕುವವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತಿದೆ ಎಂದು ವಿರಹದ ದನಿಯಲ್ಲಿ ಹುಡುಕುತ್ತಾನೆ.

ಅಂದಿನ ಪ್ರದರ್ಶನ ಕಾಲೇಜಿನ ಸಿಬ್ಬಂದಿಗೆ ಮೀಸಲು, ಇಂಟರ್‌ವಲ್ ಕೂಡ ಇರಲಿಲ್ಲ. 'ಕುಟುಂಬ ಸಮೇತ ಬರತಕ್ಕದ್ದು' ಎಂದು ಆದೇಶವಾಗಿತ್ತು. ಹಾಗಾಗಿ ಗ್ಯಾಸಿನವನು ಹಾಡಿದಾಗಲೂ ಯಾರೂ ನಗಲಿಲ್ಲ, ಪಂಕ್ಚರಿನವನು ಹಾಡಿದಾಗಲೂ ನಗಲಿಲ್ಲ. ಇಡೀ ಸಿಬ್ಬಂದಿ ಪರೀಕ್ಷಾ ಕೊಠಡಿಯಲ್ಲಿ ಕೂತವರಂತೆ ಬೆನ್ನು ನೆಟ್ಟಗೆ ಮಾಡಿ ಕೂತಿತ್ತು. ಪ್ರೇಮ್‌ಕುಮಾರ್ ಮಾತ್ರ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ಇಪ್ಪತ್ತು ವರ್ಷದ ಸ್ಟಾಫ್ ಮೀಟಿಂಗುಗಳಲ್ಲಿ ಕಲಿತಿದ್ದರು. ಅದು ಈಗ ಉಪಯೋಗಕ್ಕೆ ಬಂದಿತ್ತು.

ಕೃಷ್ಣಪ್ರಸಾದರೂ ಅಲ್ಲಿಯವರೆಗೆ ತಡೆದುಕೊಂಡಿದ್ದರು. ನೂರಾ ಹತ್ತು ಅವರನ್ನು ಕೆಡವಿಹಾಕಿತು. ಕರ್ಚೀಫು ತೆಗೆದು ಬಾಯಿಗೆ ತುರುಕಿಕೊಂಡರು. ತಲೆ ತಗ್ಗಿಸಿ ಮೊಣಕಾಲ ಮೇಲೆ ಹಣೆಯಿಟ್ಟರು. ಬಾಯಿ ಮುಚ್ಚಿದರೂ ಭುಜಗಳು ಕೇಳಬೇಕಲ್ಲ, ಗಿರಣಿಯ ಜರಡಿಯಂತೆ ಅಲುಗಾಡತೊಡಗಿದವು. ಪಕ್ಕದಲ್ಲಿದ್ದ ಸುಚೇತಾ ತೊಡೆಗೆ ಚಿವುಟಿದಳು.

"ರೀ, ಹಿಂದ್ಗಡೆ ಸೆಕ್ರೆಟರಿ ಕೂತಿದಾರೆ."

ಅಷ್ಟು ಕೇಳಿದ್ದೇ ತಡ, ನಗು ದುಪ್ಪಟ್ಟಾಯಿತು. ಪರದೆಯ ಮೇಲೆ ಆಸ್ಪತ್ರೆಯ ಗುಮಾಸ್ತ ಬಂದು, ಅಳುತ್ತಿದ್ದ ಮಾದೇವನ ಎದುರು ಕೈಚಾಚಿ, "ಆಧಾರ್ ಕಾರ್ಡು ಇದೆಯಾ..." ಎಂದು ಶೋಕರಾಗದಲ್ಲಿ ಎಳೆದ. ನರ್ಸುಗಳು "ಇದೆಯಾ... ಜೆರಾಕ್ಸು ಇದೆಯಾ..." ಎಂದು ಮುಗಿಲು ಮುಟ್ಟಿಸಿದರು. ಕೃಷ್ಣಪ್ರಸಾದರ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಗಂಟಲಿಂದ ಹಸುಗೂಸು ಹಾಲು ನೆತ್ತಿಗೇರಿಸಿಕೊಂಡಂಥ ಒಂದು ಶಬ್ದ ಹೊರಟಿತು.

ಆಗ ಹಿಂದಿನಿಂದ ಒಂದು ಭಾರವಾದ ಕೈ ಅವರ ಭುಜದ ಮೇಲೆ ಕೂತಿತು.

"ಅಳಿ ಕೃಷ್ಣಪ್ರಸಾದ್," ಎಂದಿತು ಮಲ್ಲಿಕಾರ್ಜುನರ ಗದ್ಗದ ದನಿ. "ತಡ್ಕೋಬೇಡಿ. ಅತ್ತುಬಿಡಿ."

ಅಲ್ಲಿ ಇನ್ನೊಂದು ಗಳಿಗೆ ಕೂತಿದ್ದರೆ ವೈಸ್ ಪ್ರಿನ್ಸಿಪಾಲ್ ಹುದ್ದೆ ಹಾಗಿರಲಿ, ಇದ್ದ ಕೆಲಸವೂ ಹೋಗುತ್ತಿತ್ತು. ಅವರು ಮುಖ ಮುಚ್ಚಿಕೊಂಡು ಎದ್ದು ಹೊರಗೆ ಓಡಿದರು. ಶೌಚಾಲಯದ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಗೋಡೆಗೆ ತಲೆಯಾನಿಸಿ ಮನಸಾರೆ ನಕ್ಕರು. ಸುಮ್ಮನಾಗುವ ಹೊತ್ತಿಗೆ ನೂರಾ ಹತ್ತು ನೆನಪಾಗಿ ಮತ್ತೆ ನಕ್ಕರು. ಚಿತ್ರ ಮುಗಿಯುವವರೆಗೂ ಅಲ್ಲೇ ಇದ್ದರು.

ಕೆಂಪು ಕಣ್ಣು, ಒದ್ದೆ ಮುಖ ಹೊತ್ತು ಅವರು ಹೊರಗೆ ಬಂದಾಗ ಸಿಬ್ಬಂದಿಯೆಲ್ಲ ಟಿಕೆಟ್ ಕೌಂಟರಿನ ಮುಂದೆ ಸೇರಿತ್ತು. ಮಲ್ಲಿಕಾರ್ಜುನ್ ಅವರನ್ನು ಎಳೆದು ತಬ್ಬಿಕೊಂಡರು.

"ನೋಡ್ರೀ ಎಲ್ಲಾರೂ. ಇಡೀ ಕಾಲೇಜಲ್ಲಿ ಹೃದಯ ಅನ್ನೋದು ಇರೋದು ಈ ಒಬ್ರಿಗೆ. ಅದೂ ಫಿಸಿಕ್ಸ್ ಡಿಪಾರ್ಟ್‌ಮೆಂಟಲ್ಲಿ. ಕನ್ನಡದೋರು ಕಲ್ಲು ಕೂತಂಗೆ ಕೂತಿದ್ರಿ."

ಕನ್ನಡದ ಪ್ರೇಮ್‌ಕುಮಾರ್ ಆಗತಾನೆ ಎಚ್ಚರವಾಗಿ ಆಕಳಿಸಿದರು. ಸುಚೇತಾ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋಗಿ ಕೆಳಗೆ ಬಂತು.

"ಸಂಜೆ ಟಿ. ನರಸೀಪುರದಲ್ಲಿ ಪಬ್ಲಿಕ್ ಶೋ ಇದೆ," ಎಂದರು ಮಲ್ಲಿಕಾರ್ಜುನ್. "ಮೈಸೂರಿಂದ ಡಿಸ್ಟ್ರಿಬ್ಯೂಟರ್ ಮಧುಕುಮಾರ್ ಬರ್ತಾ ಇದಾರೆ. ಅವರ ಕಣ್ಣ ಮುಂದೆ ನೀವು ಇರ್ಬೇಕು. ಮೊದಲನೇ ಸಾಲು, ನಡೂ ಮಧ್ಯ. ಬೆಳಿಗ್ಗೆ ಅತ್ತಂಗೇ ಅಳ್ಬೇಕು. ಅದನ್ನ ಪ್ರೇಮ್‌ಕುಮಾರ್ ಮೊಬೈಲಲ್ಲಿ ವಿಡಿಯೋ ಮಾಡ್ತಾರೆ. ನಡೀರಿ, ಕಾರು ಹತ್ತಿ."

"ಸಾರ್, ಇನ್ನೊಂದ್ಸಲ ನೋಡಿದ್ರೆ ನನ್ನ ಹೃದಯ ತಡೆಯಲ್ಲ," ಎಂದರು ಕೃಷ್ಣಪ್ರಸಾದ್. ಅದು ಅಂದು ಅವರು ಆಡಿದ ಮೊದಲ ನಿಜ.

"ವೈಸ್ ಪ್ರಿನ್ಸಿಪಾಲ್ ಆಗೋರಿಗೆ ಅಷ್ಟು ಗಟ್ಟಿ ಹೃದಯ ಇರ್ಬೇಕು," ಎಂದು ಮಲ್ಲಿಕಾರ್ಜುನ್ ಕಣ್ಣು ಮಿಟುಕಿಸಿದರು.

ಕೃಷ್ಣಪ್ರಸಾದರು ಹೆಂಡತಿಯ ಕಡೆ ನೋಡಿದರು. ಅವಳು, "ಹೋಗಿ ಬನ್ನಿ, ಚೆನ್ನಾಗಿ ಅಳಿ," ಎಂದು ಹೇಳಿ ಆಟೋ ಹತ್ತಿದಳು. ಆಟೋ ತಿರುಗುವಾಗ ಅದರೊಳಗಿಂದ ಕಿಸಕ್ಕೆಂಬ ಒಂದು ಸದ್ದು ಕೇಳಿಸಿತು.

ಕಾರಿನ ಪ್ರಯಾಣ ಸುಖಕರವಾಗಿರಲಿಲ್ಲ. ಮಲ್ಲಿಕಾರ್ಜುನ್ ಸ್ಟೀರಿಂಗ್ ಹಿಡಿದುಕೊಂಡೇ ವಿಮರ್ಶೆಗೆ ಇಳಿದರು.

"ಮೊದಲನೇ ಹನಿ ಎಲ್ಲಿ ಬಂತು ನಿಮಗೆ? ಸರಿಯಾಗಿ ಯೋಚನೆ ಮಾಡಿ ಹೇಳಿ."

"ಬಿಪಿ ನೋಡೋವಾಗ ಸಾರ್."

ಮಲ್ಲಿಕಾರ್ಜುನ್ ರಸ್ತೆ ಪಕ್ಕಕ್ಕೆ ಕಾರು ನಿಲ್ಲಿಸಿಬಿಟ್ಟರು. ಎರಡೂ ಕಡೆ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಬಗ್ಗಿದಲ್ಲಿಂದಲೇ ತಲೆಯೆತ್ತಿ ನೋಡಿದರು.

"ಆ ಸಾಲು ಬರೆದ ದಿವಸ ನಾನು ಊಟ ಮಾಡ್ಲಿಲ್ಲ ಕಣ್ರೀ. ನೂರಾ ಅರವತ್ತು ಇಡ್ಲಾ, ಎಂಬತ್ತು ಇಡ್ಲಾ ಅಂತ ರಾತ್ರಿಯೆಲ್ಲಾ ಒದ್ದಾಡಿದೀನಿ. ಅರವತ್ತಕ್ಕೆ ದುಃಖ ಸಾಲಲ್ಲ." ಅವರು ಕಣ್ಣೊರೆಸಿಕೊಂಡು ಆ ಹಾಡನ್ನು ಮೊದಲಿಂದ ಹಾಡತೊಡಗಿದರು. "ನರ್ಸುಗಳದ್ದು ನೀವು ಹೇಳಿ."

ಹೀಗೆ ನಂಜನಗೂಡಿನ ಹೆಸರಾಂತ ಮಠದ ಪುರೋಹಿತರ ಮೊಮ್ಮಗ, ಎಂಎಸ್ಸಿಯಲ್ಲಿ ರ್‍ಯಾಂಕ್ ಪಡೆದ ಕೃಷ್ಣಪ್ರಸಾದರು, ಕಾರಿನ ಮುಂದಿನ ಸೀಟಿನಲ್ಲಿ ಕೂತು, "ನೂರಾ ಹತ್ತು, ಅಯ್ಯೋ ನೂರಾ ಹತ್ತು," ಎಂದು ನರ್ಸಿನ ದನಿಯಲ್ಲಿ ಹಾಡಿದರು. ಹಿಂದಿನ ಸೀಟಿನಿಂದ ಪ್ರೇಮ್‌ಕುಮಾರ್ ತಾಳ ಹಾಕಿದರು.

ಪೆಟ್ರೋಲ್ ಬಂಕಿನಲ್ಲಿ ಮಲ್ಲಿಕಾರ್ಜುನ್ ಕೆಳಗಿಳಿದಾಗ ಕೃಷ್ಣಪ್ರಸಾದರು ಹಿಂದೆ ತಿರುಗಿದರು.

"ಪ್ರೇಮ್‌ಕುಮಾರ್, ಸತ್ಯ ಹೇಳ್ಲಾ? ನಾನು ಅತ್ತಿದ್ದಲ್ಲ."

"ಗೊತ್ತು ಸಾರ್, ನಡುವೆ ಒಂದ್ಸಲ ಎಚ್ಚರ ಆಗಿತ್ತು," ಎಂದರು ಪ್ರೇಮ್‌ಕುಮಾರ್. "ಅಳೋರು ಕರ್ಚೀಫು ಕಣ್ಣಿಗೆ ಇಟ್ಕೋತಾರೆ. ನೀವು ಬಾಯಿಗೆ ಇಟ್ಕೊಂಡಿದ್ರಿ."

"ಈಗ ಏನು ಮಾಡೋದು?"

"ಮೆಡಿಕಲ್ ಸ್ಟೋರಲ್ಲಿ ತಲೆನೋವಿನ ಮುಲಾಮು ಸಿಗುತ್ತೆ. ಕಣ್ಣ ಕೆಳಗೆ ಒಂದ್ ಚೂರು ಹಚ್ಕೊಳ್ಳಿ. ಮಿಕ್ಕಿದ್ದು ಅದೇ ನೋಡ್ಕೊಳುತ್ತೆ."

ಕೃಷ್ಣಪ್ರಸಾದರಿಗೆ ಆ ಕ್ಷಣ ಅವರ ಮೇಲೆ ಪ್ರೀತಿ ಉಕ್ಕಿತು. ಇಂಥ ಸಜ್ಜನರನ್ನು ಹಿಂದೆ ಹಾಕಿ ಕುರ್ಚಿ ಏರಬೇಕಲ್ಲ ಎಂದು ಕೊಂಚ ಬೇಸರವೂ ಆಯಿತು. ಮುಲಾಮು ಕೊಂಡರು.

ನರಸೀಪುರದ ಚಿತ್ರಮಂದಿರ ತುಂಬಿತ್ತು. ಟಿಕೆಟ್ ಪುಕ್ಕಟೆಯಾದ್ದರಿಂದ ಸುತ್ತಲ ಹಳ್ಳಿಗಳಿಂದ ಟೆಂಪೋಗಳಲ್ಲಿ ಜನ ಬಂದಿದ್ದರು. ಬಾಲ್ಕನಿಯಲ್ಲಿ ಮಲ್ಲಿಕಾರ್ಜುನರ ಪಕ್ಕ ಡಿಸ್ಟ್ರಿಬ್ಯೂಟರ್ ಮಧುಕುಮಾರ್ ಕಪ್ಪು ಕನ್ನಡಕ ಹಾಕಿಕೊಂಡು ಕೂತರು. ಕೆಳಗೆ ಮೊದಲ ಸಾಲಿನಲ್ಲಿ ಕೃಷ್ಣಪ್ರಸಾದ್. ಅವರ ಬಲಗಡೆ ಎಲೆಯಡಿಕೆ ಮೆಲ್ಲುತ್ತಿದ್ದ ಪುಟ್ಟಮಾದಮ್ಮ ಎಂಬ ಮುದುಕಿ. ಪಕ್ಕದ ಗೋಡೆಗೊರಗಿ ಮೊಬೈಲ್ ಹಿಡಿದ ಪ್ರೇಮ್‌ಕುಮಾರ್.

ಚಿತ್ರ ಶುರುವಾಯಿತು. ಬೆಳಗಿನ ಜಾವ, ಅಡುಗೆಮನೆ. ಲಕ್ಷ್ಮಿ ಒಲೆಯ ಮುಂದೆ ನಿಂತು, ಬಸ್ಸಿಗೆ ಹೊರಟ ಗಂಡನನ್ನು ಕೇಳುತ್ತಾಳೆ: "ಕಾಫಿಗೆ ಸಕ್ಕರೆ ಎಷ್ಟು?" ಅವನು ಹೊರಗಿನಿಂದ ಉತ್ತರ ಹಾಡುತ್ತಾನೆ: "ಒಂದೂವರೆ ಚಮಚ." ಮದುವೆಯಾಗಿ ಇಪ್ಪತ್ತು ವರ್ಷವಾದರೂ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಬೆಳಿಗ್ಗೆ ಇದನ್ನು ನೋಡಿದಾಗ, ಇಪ್ಪತ್ತು ವರ್ಷದಲ್ಲಿ ಕಲಿಯಲಾಗದವಳು ಎಂಥ ಹೆಂಗಸು ಎಂದುಕೊಂಡಿದ್ದರು ಕೃಷ್ಣಪ್ರಸಾದರು. ಈಗ ಅವಳು ಸಾಯುತ್ತಾಳೆ ಎಂಬುದು ಕಾರಿನಲ್ಲಿ ಮಲ್ಲಿಕಾರ್ಜುನರ ಬಾಯಿಂದ ಕೇಳಿ ಗೊತ್ತಿತ್ತು. ಅದು ಗೊತ್ತಿದ್ದು ಕೇಳಿದರೆ ಆ ಪ್ರಶ್ನೆ ಬೇರೆ ಥರ ಕೇಳಿಸಿತು. ಅವಳು ಸಕ್ಕರೆಯ ಲೆಕ್ಕ ಕೇಳುತ್ತಿರಲಿಲ್ಲ. ಅವನ ದನಿ ಕೇಳುವುದಕ್ಕೆ ಕೇಳುತ್ತಿದ್ದಳು.

ಅವರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಮುಲಾಮಿನ ಡಬ್ಬಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಗ್ಯಾಸಿನವನು ಬಂದು ಆಲಾಪನೆ ತೆಗೆದ. ಹಿಂದಿನ ಸಾಲುಗಳಲ್ಲಿ ಒಂದು ಗುಸುಗುಸು ಎದ್ದಿತು. ಕಂಡಕ್ಟರು ಚಿಲ್ಲರೆ ಕೇಳಿದಾಗ ಯಾರೋ, "ಪದ ಏಳೋದ್ ಬುಟ್ಟು ಟಿಕೆಟ್ ಅರಿಯಪ್ಪೋ," ಎಂದು ಕೂಗಿದರು. ಹಾಲ್ ಗೊಳ್ಳೆಂದಿತು. ಒಮ್ಮೆ ಹರಿದ ನಗೆಗೆ ಮತ್ತೆ ಕಟ್ಟೆ ಹಾಕುವವರಿರಲಿಲ್ಲ. ಪಂಕ್ಚರಿನವನಿಗೆ ಸಿಳ್ಳೆ ಬಿದ್ದವು. ನೂರಾ ಹತ್ತು ಬಂದಾಗ ಇಡೀ ಚಿತ್ರಮಂದಿರ ನರ್ಸುಗಳ ಜೊತೆ ಸೇರಿ ಹಾಡಿತು.

"ಬಿಪಿ ನೋಡಕ್ಕೂ ಪದ ಏಳ್ತಾವ್ನಲ್ಲಪ್ಪ ಈ ಡಾಕ್ಟ್ರು," ಎಂದು ಪುಟ್ಟಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವ್ನ ಪದ ಮುಗಿಯೋ ಅಷ್ಟೊತ್ಗೆ ಎಣ ಬಿದ್ದೋಯ್ತದೆ."

ಕೃಷ್ಣಪ್ರಸಾದರ ಸ್ಥಿತಿ ನೋಡಲಾಗದಂತಿತ್ತು. ಸುತ್ತ ಸಾವಿರ ಜನ ನಗುತ್ತಿದ್ದಾರೆ, ಒಳಗಿಂದ ತಮಗೂ ನಗು ಒದ್ದುಕೊಂಡು ಬರುತ್ತಿದೆ, ಅಳುವುದು ಮಾತ್ರ ಕರ್ತವ್ಯ. ಅವರು ಮುಲಾಮು ತೆಗೆದು ಎರಡೂ ಕಣ್ಣಿನ ಕೆಳಗೆ ಬಳಿದುಕೊಂಡರು. ಗಾಬರಿಯಲ್ಲಿ ಹೆಚ್ಚು ಬಳಿದರು. ಕಣ್ಣೊಳಗೆ ಮೆಣಸಿನಕಾಯಿ ಅರೆದಂತಾಯಿತು. ಪರದೆ, ನರ್ಸುಗಳು, ಸಲೈನ್ ಬಾಟಲಿಗಳು ಎಲ್ಲ ಕಲಸಿಹೋದವು.

ಇಂಟರ್‌ವಲ್ ಬಿಟ್ಟಾಗ ಪ್ರೇಮ್‌ಕುಮಾರ್ ಓಡಿ ಬಂದರು.

"ಸಾರ್, ಎದ್ದೇಳಿ. ಮುಖ ತೊಳ್ಕೊಂಡ್ ಬನ್ನಿ. ಪ್ಲ್ಯಾನ್ ಚೇಂಜ್ ಆಗಿದೆ."

"ಏನಾಯ್ತು? ಸೆಕ್ರೆಟರಿ ಸಿಟ್ಟಾಗಿದಾರಾ?"

"ಆಗ್ತಾ ಇದ್ರು. ಜನ ನಕ್ಕಾಗ ಮುಖ ಕೆಂಡ ಆಗಿತ್ತು. ಆದ್ರೆ ಮಧುಕುಮಾರ್ ಹೊಟ್ಟೆ ಹಿಡ್ಕೊಂಡು ಬಂದು ಕೈ ಕುಲುಕಿದ್ರು. 'ಮುಖ ಗಂಟು ಹಾಕ್ಕೊಂಡು ಇಂಥಾ ಕಾಮಿಡಿ ಮಾಡಿದೀರಲ್ಲ ಸಾರ್, ನೀವು ಭಾರೀ ಕಿಲಾಡಿ' ಅಂದ್ರು. ಎಲ್ಲಾ ಜಿಲ್ಲೇಲೂ ರಿಲೀಸ್ ಮಾಡ್ತಾರಂತೆ."

"ಅದಕ್ಕೆ ಸೆಕ್ರೆಟರಿ ಏನಂದ್ರು?"

"ಬಾಯಲ್ಲಿ ಟೀ ಇತ್ತು. ಅದು ಗಂಟಲು ಇಳಿಯೋ ಅಷ್ಟರಲ್ಲಿ ಯೋಚನೆ ಮಾಡಿ, 'ನಮ್ಮ ಜನಕ್ಕೆ ನಗು ಬೇಕಾಗಿದೆ, ಅದಕ್ಕೇ ಮಾಡ್ದೆ' ಅಂದ್ರು. ಈಗ ನಿಮಗೆ ಹೇಳಿ ಕಳ್ಸಿದಾರೆ, ಸೆಕೆಂಡ್ ಹಾಫಲ್ಲಿ ನೀವು ನಗಬೇಕು. ಬಿದ್ದು ಬಿದ್ದು ನಗಬೇಕು. ಅದನ್ನ ವಿಡಿಯೋ ಮಾಡ್ಕೊಂಡು ಬಾ ಅಂತ ನನಗೆ."

ಕೃಷ್ಣಪ್ರಸಾದರು ಲೆಕ್ಕ ಹಾಕಿದರು. ಬೆಳಿಗ್ಗೆಯಿಂದ ಪಕ್ಕೆಲುಬು ನೋಯುವಂತೆ ಹಿಡಿದಿಟ್ಟ ನಗು. ಅದನ್ನು ಈಗ ಬಿಡಬಹುದು. ಬಿಟ್ಟರೆ ಹುದ್ದೆ. ಇಂಥ ಭಾಗ್ಯ ಯಾವ ಉಪನ್ಯಾಸಕನಿಗೆ ಸಿಕ್ಕೀತು? ಅವರು ನಲ್ಲಿಯ ಕೆಳಗೆ ಮುಖವೊಡ್ಡಿ ಮುಲಾಮು ಪೂರ್ತಿ ಹೋಗುವ ತನಕ ತಿಕ್ಕಿ ತೊಳೆದು, ಮದುವೆಗೆ ಹೊರಟವರಂತೆ ಕ್ರಾಪು ತೀಡಿಕೊಂಡು ಬಂದು ಕೂತರು.

ದ್ವಿತೀಯಾರ್ಧ ಶುರುವಾಯಿತು. ಗುಮಾಸ್ತ ಬಂದು ಆಧಾರ್ ಕಾರ್ಡು ಕೇಳಿದ. ಜನ ಬಿದ್ದು ಬಿದ್ದು ನಕ್ಕರು. ಕೃಷ್ಣಪ್ರಸಾದರು ಬಾಯಿ ತೆರೆದರು. ಏನೂ ಬರಲಿಲ್ಲ. ಇರಲಿ, ಇನ್ನೂ ಸಮಯವಿದೆ ಎಂದುಕೊಂಡರು. ಜೆರಾಕ್ಸು ಬಂತು, ಹೋಯಿತು. ಬೆಳಿಗ್ಗೆ ಪ್ರಾಣ ಹಿಂಡಿದ ಜೆರಾಕ್ಸು ಈಗ ಬರೀ ಜೆರಾಕ್ಸಾಗಿತ್ತು. ಅದರ ಹಿಂದೆ ಕೈಯಲ್ಲಿ ಚೀಟಿ ಹಿಡಿದು, ಯಾವ ಕಿಟಕಿಗೆ ಹೋಗಬೇಕೆಂದು ಗೊತ್ತಾಗದೆ ನಿಂತ ಮಾದೇವ ಕಾಣುತ್ತಿದ್ದ. ಬೆಳಿಗ್ಗೆ ಅವನು ಅಲ್ಲಿ ನಿಂತಿದ್ದನ್ನು ಅವರು ನೋಡಿಯೇ ಇರಲಿಲ್ಲ. ಆಗ ಕಣ್ಣೆಲ್ಲ ನರ್ಸುಗಳ ಮೇಲಿತ್ತು.

ಎಲ್ಲರೂ ಹಾಡುತ್ತಾರೆ ಎಂಬುದು ಯಾವ ಹೊತ್ತಿನಲ್ಲೋ ಅವರಿಗೆ ಮರೆತುಹೋಯಿತು. ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಸ್ವಲ್ಪ ಹೊತ್ತಾದ ಮೇಲೆ ಇಂಜಿನ್ನಿನ ಸದ್ದು ಕೇಳದಾಗುವಂತೆ, ಹಾಡು ಹಾಡಾಗಿ ಕೇಳುವುದು ನಿಂತು, ಮನುಷ್ಯರು ಮಾತಾಡುವುದೇ ಹೀಗೆ ಅನ್ನಿಸತೊಡಗಿತು.

ಲಕ್ಷ್ಮಿ ಸತ್ತಳು. ಮಣ್ಣು ಮಾಡಿ ಬಂದ ನೆಂಟರು ಒಬ್ಬೊಬ್ಬರಾಗಿ ಹೋದರು. ಬೆಳಿಗ್ಗೆ ಶೌಚಾಲಯದಲ್ಲಿದ್ದುದರಿಂದ ಇದನ್ನಾಗಲಿ ಮುಂದಿನದನ್ನಾಗಲಿ ಅವರು ನೋಡಿರಲಿಲ್ಲ.

ಮಾರನೆಯ ಬೆಳಗಿನ ಜಾವ. ಮಾದೇವ ಖಾಕಿ ಅಂಗಿ ತೊಟ್ಟು ಬಸ್ಸಿಗೆ ಹೊರಟಿದ್ದಾನೆ. ಅದೇ ಜಾಗದಲ್ಲಿ ನಿಂತಿದ್ದಾನೆ. ಅಡುಗೆಮನೆ ಖಾಲಿ. ಅವಳು ಪ್ರಶ್ನೆ ಕೇಳುತ್ತಿದ್ದ ಹೊತ್ತಿಗೆ ವಾದ್ಯಗಳೆಲ್ಲ ನಿಂತವು. ಅವಳ ಪ್ರಶ್ನೆಗೆ ಎಷ್ಟು ಸಮಯ ಹಿಡಿಯುತ್ತಿತ್ತೋ ಅಷ್ಟೂ ಹೊತ್ತು ಸದ್ದಿಲ್ಲ. ಆಮೇಲೆ ಅವನು ಯಾರೂ ಕೇಳದಿದ್ದರೂ ತನ್ನ ಪಾಲಿನದನ್ನು ಹಾಡಿದ:

"ಒಂದೂವರೆ ಚಮಚ."

ಕೃಷ್ಣಪ್ರಸಾದರ ಮನೆಯಲ್ಲಿ ದಿನವೂ ಸುಚೇತಾ ಅಡುಗೆಮನೆಯಿಂದ, "ರೀ, ಅನ್ನಕ್ಕೆ ಇಡ್ಲಾ?" ಎಂದು ಕೇಳುತ್ತಾಳೆ. ಇಡುವ ಹೊತ್ತಿಗೆ ಇಡು, ಅದನ್ನೇನು ಕೇಳುವುದು ಎಂದು ಅವರು ಪೇಪರಿನ ಹಿಂದೆ ಸುಮ್ಮನಿರುತ್ತಾರೆ. ಎಷ್ಟು ವರ್ಷದಿಂದ ಸುಮ್ಮನಿದ್ದೇನೆ ಎಂದು ಈಗ ಥಟ್ಟನೆ ಹೊಳೆಯಿತು. ಅಷ್ಟೇ. ಬಾಯಿ ಸೊಟ್ಟಗಾಯಿತು, ಅವರು ಹೋ ಎಂದು ಅತ್ತುಬಿಟ್ಟರು.

ಜನಕ್ಕೆ ಅಷ್ಟು ಹೊತ್ತಿಗೆ ನಗೆಯ ಅಮಲೇರಿತ್ತು. ಖಾಲಿ ಅಡುಗೆಮನೆಗೆ ಸಕ್ಕರೆಯ ಲೆಕ್ಕ ಒಪ್ಪಿಸುವ ಡ್ರೈವರನನ್ನು ಕಂಡು ಚಿತ್ರಮಂದಿರ ಸೂರು ಹಾರಿಹೋಗುವಂತೆ ನಕ್ಕಿತು. ನಡುವೆ ಒಬ್ಬರೇ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಮೂಗು ಸೋರಿಸಿಕೊಂಡು ಬಿಕ್ಕುತ್ತಿದ್ದರು.

ಪ್ರೇಮ್‌ಕುಮಾರ್ ಗೋಡೆಯ ಪಕ್ಕದಿಂದ ಕೈಸನ್ನೆ ಮಾಡಿ ಬೇಡಿಕೊಂಡರು. ಬಾಯಿಯ ಎರಡೂ ಕೊನೆಗೆ ಬೆರಳಿಟ್ಟು ಅಗಲಿಸಿ ತೋರಿಸಿದರು. ಕೃಷ್ಣಪ್ರಸಾದರು ಪ್ರಯತ್ನಪಟ್ಟರು. ತುಟಿ ಅಗಲವಾಯಿತು, ಅಳು ಇನ್ನಷ್ಟು ಜೋರಾಯಿತು.

"ಯಾಕಪ್ಪಾ, ಒಟ್ಟೆ ನೋವಾ?" ಎಂದಳು ಪುಟ್ಟಮಾದಮ್ಮ. "ಒಸಿ ಅಡ್ಕೆ ಆಕ್ಕೋ. ಸರೋಯ್ತದೆ."

ಚಿತ್ರ ಮುಗಿದ ಮೇಲೆ ಹೊರಗೆ ಟೀ ಅಂಗಡಿಯ ಹತ್ತಿರ ಮಧುಕುಮಾರ್ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದರು. ಕೃಷ್ಣಪ್ರಸಾದರು ತಪ್ಪೊಪ್ಪಿಕೊಳ್ಳುವ ಹುಡುಗನಂತೆ ತಲೆ ತಗ್ಗಿಸಿ ನಿಂತರು. ಎಲ್ಲ ಹಾಳಾಯಿತು ಎಂಬುದು ಅವರಿಗೆ ಖಚಿತವಾಗಿತ್ತು. ಮಧುಕುಮಾರ್ ಒಮ್ಮೆ ನೋಡಿದರು, ಮತ್ತೆ ಹಾಕಿ ನೋಡಿದರು, ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ಅವರಿಗೆ ಕೆಮ್ಮು ಹತ್ತಿತು.

"ಸಾರ್, ನಿಮ್ ಪಿಕ್ಚರಿಗಿಂತ ಇದು ಸೂಪರ್. ಸುತ್ತ ಊರೆಲ್ಲಾ ನಗ್ತಾ ಇದೆ, ನಡೂ ಮಧ್ಯ ಈ ಮೂತಿ. ಇದನ್ನೇ ಟ್ರೇಲರಿಗೆ ಹಾಕಿ. ಪೋಸ್ಟರ್ ಮೇಲೂ ಈ ಮೂತೀನೇ ಬರ್ಬೇಕು. 'ನಕ್ಕು ನಕ್ಕು ಅತ್ತುಬಿಟ್ಟ ಮೇಷ್ಟ್ರು' ಅಂತ ದಪ್ಪಕ್ಷರದಲ್ಲಿ."

ಮಲ್ಲಿಕಾರ್ಜುನ್ ಎರಡೇ ಹೆಜ್ಜೆಯಲ್ಲಿ ಬಂದು ಕೃಷ್ಣಪ್ರಸಾದರನ್ನು ದಿನದಲ್ಲಿ ಎರಡನೆಯ ಸಲ ತಬ್ಬಿಕೊಂಡರು.

"ನೀವು ನನ್ನ ಪಾಲಿನ ದೇವ್ರು ಕಣ್ರೀ."

"ಸಾರ್, ನಾನು ನಿಜವಾಗ್ಲೂ ಅತ್ತೆ," ಎಂದರು ಕೃಷ್ಣಪ್ರಸಾದ್. "ಆ ಸಕ್ಕರೆ ಸೀನು... ಅದು ತುಂಬಾ ಚೆನ್ನಾಗಿದೆ ಸಾರ್. ಅದು ಕಾಮಿಡಿ ಅಲ್ಲ."

ಮಲ್ಲಿಕಾರ್ಜುನರ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ಅವರು ಮಧುಕುಮಾರ್ ಕಡೆ ಕಳ್ಳನೋಟ ಬೀರಿ ದನಿ ತಗ್ಗಿಸಿದರು.

"ಮೆತ್ತಗೆ. ಅವರು ಕೇಳಿಸ್ಕೊಂಡಾರು." ಆಮೇಲೆ ಮಾಮೂಲಿ ದನಿಯಲ್ಲಿ, "ಇನ್ನೊಂದು ವಿಷ್ಯ. ವೈಸ್ ಪ್ರಿನ್ಸಿಪಾಲ್ ನಿಮ್ಮನ್ನೇ ಮಾಡ್ಬೇಕು ಅಂತಿದ್ದೆ. ಆದ್ರೆ ನೀವೇ ಯೋಚ್ನೆ ಮಾಡಿ. ನಾಳೆಯಿಂದ ಈ ಮುಖ ಊರೂರಲ್ಲಿ ಗೋಡೆ ಮೇಲೆ ಇರುತ್ತೆ. ವೈಸ್ ಪ್ರಿನ್ಸಿಪಾಲ್ ಅಂದ್ರೆ ಹುಡುಗರು ನೋಡಿ ಹೆದರ್ಬೇಕು. ನಿಮ್ಮನ್ನ ನೋಡಿದ್ರೆ ನಗ್ತಾರೆ. ಕಾಲೇಜಿನ ಶಿಸ್ತು ಏನಾಗ್ಬೇಕು?"

"ಸಾರ್..."

"ಪ್ರೇಮ್‌ಕುಮಾರ್ ಇದಾರಲ್ಲ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ನಗ್ಲಿಲ್ಲ, ಅಳ್ಲಿಲ್ಲ. ಅಂಥೋರು ಬೇಕು ಆ ಕುರ್ಚಿಗೆ."

"ನನಗೆ ಬೇಡ ಸಾರ್," ಎಂದರು ಪ್ರೇಮ್‌ಕುಮಾರ್. "ನಮ್ಮೂರು ಹೆಡತಲೇಲಿ ಮನೆ ಕಟ್ಟಿಸ್ತಾ ಇದೀನಿ. ಟೈಮೇ ಇಲ್ಲ. ಕೃಷ್ಣಪ್ರಸಾದ್ ಸಾರೇ ಆಗ್ಲಿ."

"ನೋಡಿದ್ರಾ? ಬೇಡ ಅನ್ನೋ ಗುಣ," ಎಂದು ಮಲ್ಲಿಕಾರ್ಜುನ್ ಮೆಚ್ಚಿಕೊಂಡರು. ಮಾತು ಅಲ್ಲಿಗೆ ಮುಗಿಯಿತು. ಮಧುಕುಮಾರ್ ಜೊತೆ ಒಪ್ಪಂದ ಮಾತಾಡಲು ಅವರು ಪ್ರೇಮ್‌ಕುಮಾರರನ್ನು ಕರೆದುಕೊಂಡು ಮೈಸೂರಿನ ಕಡೆ ಹೊರಟರು. ಕಾರಿನಲ್ಲಿ ಮಧುಕುಮಾರ್ ಜೊತೆ ಬಂದಿದ್ದ ಪೋಸ್ಟರಿನವರಿಗೆ ಜಾಗ ಬೇಕಾಗಿತ್ತು. ಕೃಷ್ಣಪ್ರಸಾದರು ಬಸ್‌ಸ್ಟ್ಯಾಂಡಿಗೆ ನಡೆದರು.

ನಂಜನಗೂಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಸೇತುವೆ ದಾಟುವಷ್ಟರಲ್ಲಿ ಕಾಲೇಜಿನ ಗ್ರೂಪಿನಲ್ಲಿ ಅವರ ಅಳು ಬಂದು ಕೂತಿತ್ತು. ಅದರ ಕೆಳಗೆ ಸಾಲುಸಾಲಾಗಿ ನಗುವ ಮುಖಗಳು ಉರುಳುತ್ತಿದ್ದವು. ಫೋನು ಬಡಿದುಕೊಂಡಿತು. ಸುಚೇತಾ.

"ರೀ, ವಿಡಿಯೋ ನೋಡ್ದೆ," ಎಂದಳು. ಮಾತಿನ ನಡುವೆ ನಗು ನುಗ್ಗುತ್ತಿತ್ತು. "ಬೆಳಿಗ್ಗೆಗಿಂತ ಚೆನ್ನಾಗಿ ಮಾಡಿದೀರಿ. ಮೂಗೆಲ್ಲಾ ಸ್ವಾಭಾವಿಕವಾಗಿ ಬಂದಿದೆ."

"ಅದು ನಾಟಕ ಅಲ್ಲ ಕಣೇ. ನಿಜವಾಗ್ಲೂ ಅತ್ತೆ."

"ನನ್ನ ಹತ್ರಾನೂ ಯಾಕ್ರೀ? ಪ್ರೇಮ್‌ಕುಮಾರ್ ಮುಲಾಮಿನ ವಿಷ್ಯ ಹೇಳಿದ್ರು."

"ಅದನ್ನ ತೊಳ್ಕೊಂಡಿದ್ದೆ. ಕೇಳಿಲ್ಲಿ, ಅವಳು ದಿನಾ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳ್ತಾಳಲ್ಲ..."

ಆ ಕಡೆಯಿಂದ ಮಾತಿಲ್ಲ, ಬರೀ ನಗು. ಆಮೇಲೆ ನೆಟ್‌ವರ್ಕ್ ಹೋಗಿ ಅದೂ ನಿಂತಿತು. ಕೃಷ್ಣಪ್ರಸಾದರು ಫೋನನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡಿದರು. ಕತ್ತಲಾಗುತ್ತಿದ್ದ ಕಬ್ಬಿನ ಗದ್ದೆಗಳು ಮಸುಕಾದವು. ಖಾಲಿ ಅಡುಗೆಮನೆ ಕಣ್ಣ ಮುಂದೆ ಬಂತು, ಜೊತೆಗೆ ಅಳು.

ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ವಯಸ್ಸಾದವರು ಕೂತಿದ್ದರು. ಹುಲ್ಲಹಳ್ಳಿಯ ದೇವಯ್ಯ. ಅವರು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದರು.

"ಯಾಕ್ ಸಾ, ಯಾರಾದ್ರೂ ಓಗ್ಬುಟ್ರಾ?"

ಕೃಷ್ಣಪ್ರಸಾದರು ತಲೆಯಾಡಿಸಿದರು.

"ಯಾರು ಸಾ?"

"ಹೆಂಡತಿ," ಎಂದರು ಕೃಷ್ಣಪ್ರಸಾದರು. ಯಾರ ಹೆಂಡತಿ ಎಂದು ಹೇಳುವ ಮೊದಲೇ ಬಿಕ್ಕು ಬಂದು ಮಾತು ನಿಂತಿತು.

ದೇವಯ್ಯ ಹಣೆ ಒತ್ತಿಕೊಂಡರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಲೊಚಗುಟ್ಟಿದಳು. ಸುದ್ದಿ ಕಂಡಕ್ಟರನಿಗೆ, ಅವನಿಂದ ಡ್ರೈವರನಿಗೆ ಹೋಯಿತು. ಡ್ರೈವರು ಎಫ್‌ಎಮ್ ಆರಿಸಿದ. ಯಾರೋ ನೀರಿನ ಬಾಟಲಿ ಚಾಚಿದರು. ಕೃಷ್ಣಪ್ರಸಾದರು, "ಹಾಗಲ್ಲ, ಅದು ಸಿನಿಮಾದಲ್ಲಿ..." ಎಂದು ಶುರುಮಾಡಿದರು. "ಪಾಪ, ಸಿನ್ಮಾ ಅಂದ್ರೆ ಪ್ರಾಣ ಇತ್ತೇನೋ ಆ ಯಮ್ಮನ್ಗೆ," ಎಂದು ಹೆಂಗಸು ಕಣ್ಣೊರೆಸಿಕೊಂಡಳು. ಇಡೀ ದಿನದಲ್ಲಿ ಅವರ ಅಳುವನ್ನು ಅಳುವೆಂದು ತಿಳಿದವರು ಈ ಬಸ್ಸಿನವರಷ್ಟೇ. ಕೃಷ್ಣಪ್ರಸಾದರು ಬಾಟಲಿ ತೆಗೆದುಕೊಂಡು ನೀರು ಕುಡಿದು, ಯಾವ ವಿವರಣೆಯನ್ನೂ ಕೊಡದೆ ನಂಜನಗೂಡಿನವರೆಗೂ ನೆಮ್ಮದಿಯಾಗಿ ಅತ್ತರು.

ಇಳಿದ ಮೇಲೆ ದೇವಯ್ಯ ಬಿಡಲಿಲ್ಲ.

"ಇಂಥ ಒತ್ನಲ್ಲಿ ಒಬ್ರೇ ಓಗ್ಬಾರ್ದು ಸಾ. ನಮ್ಮೂರ್ ಬಸ್ಸಿಗೆ ಇನ್ನಾ ಟೇಮ್ ಅದೆ. ಮನೆ ತಂಕ ಬುಟ್ಟೋಯ್ತೀನಿ ನಡೀರಿ."

ಬೇಡವೆಂದರೂ ಕೇಳದೆ ಅವರು ತೋಳು ಹಿಡಿದುಕೊಂಡರು. ದಾರಿಯಲ್ಲಿ ಒಂದು ಮೊಳ ಹೂವನ್ನೂ ಕೊಂಡರು. ಬೀದಿಯ ತಿರುವಿನಲ್ಲಿ ಕೃಷ್ಣಪ್ರಸಾದರು ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಗೇಟು ಬಂತು. ಸದ್ದು ಕೇಳಿ ಬಾಗಿಲು ತೆರೆಯಿತು. ಸುಚೇತಾ ಹೊಸ್ತಿಲಲ್ಲಿ ನಿಂತಿದ್ದಳು. ತಲೆಯಲ್ಲಿ ಮಲ್ಲಿಗೆ, ಮುಖದ ತುಂಬ ಇನ್ನೂ ಆರದ ನಗು.

"ಬಂದ್ರಾ? ಅನ್ನಕ್ಕೆ ಇಡ್ಲಾ?" ಎಂದಳು.

"ಇಡು," ಎಂದರು ಕೃಷ್ಣಪ್ರಸಾದ್. ಜೀವಮಾನದಲ್ಲಿ ಮೊದಲ ಸಲ ಉತ್ತರ ಕೊಟ್ಟಿದ್ದರು. ಅವಳು ಅದನ್ನು ಗಮನಿಸಲಿಲ್ಲ. ಗಂಡನ ತೋಳು ಹಿಡಿದು ನಿಂತಿದ್ದ ಅಪರಿಚಿತರನ್ನೂ ಅವರ ಕೈಯಲ್ಲಿದ್ದ ಹೂವನ್ನೂ ನೋಡುತ್ತಿದ್ದಳು.

ದೇವಯ್ಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವ್ರು ಯಾರು ಸಾ?"

"ನನ್ನ ಹೆಂಡತಿ."

ದೇವಯ್ಯ ತೋಳು ಬಿಟ್ಟರು. ಹೆಗಲಿನ ಟವೆಲ್ ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರು. ತಂದ ಹೂವನ್ನು ಏನು ಮಾಡುವುದೆಂದು ತಿಳಿಯದೆ ಗೇಟಿಗೆ ಸಿಕ್ಕಿಸಿದರು.

"ಅಲ್ಲ ಸಾ," ಎಂದರು, ಸುಚೇತಾಳಿಗೆ ಚೆನ್ನಾಗಿ ಕೇಳುವಂತೆ, "ಆ ಯಮ್ಮ ಓಗ್ಬುಟ್ಲು ಅಂತ ಈಗ್ತಾನೆ ಬಸ್ಸಲ್ಲಿ ಅಷ್ಟೊಂದು ಅಳ್ತಿದ್ರಿ. ಅಷ್ಟ್ರಲ್ಲೇ ಇನ್ನೊಂದ್ ಮಾಡ್ಕೊಂಡ್ಬುಟ್ರಾ?"